ಟ್ರಂಕಿನಲ್ಲಿದ್ದ ಹಾಕಿ ತಂಡ

ಅಜ್ಜಿ ಟ್ರಂಕಿನ ಮುಚ್ಚಳ ಎತ್ತಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹಳೆಯ ಹಾಕಿ ಜೆರ್ಸಿಗಳನ್ನು ನಂಬರಿನ ಪ್ರಕಾರ ಮಡಚಿಟ್ಟಿದ್ದರು. ವಲಸೆಯ ಕುರಿತ ಸಂಶೋಧನೆಗೆಂದು ಚಿನ್ನದ ಗಣಿಯ ಊರಾದ ಕೋರಮಂಡಲ್‌ಗೆ ಹೋಗಿದ್ದ ನಾನು ಅಲ್ಲಿನ ಆ ಅಜ್ಜಿಯನ್ನು ಕೇಳಿದ್ದು ಇಷ್ಟೇ: ಗಣಿ ಮುಚ್ಚಿದ ಮೇಲೆ ನಿಮ್ಮ ಬೀದಿಯಿಂದ ಯಾರ್ಯಾರು ಊರು ಬಿಟ್ಟರು?

ಅಜ್ಜಿಯ ಗಂಡ ಬದುಕಿದ್ದಾಗ ಗಣಿ ಕಾರ್ಮಿಕರ ತಂಡದ ಕ್ಯಾಪ್ಟನ್ ಆಗಿದ್ದರಂತೆ. ಅಜ್ಜಿ ಒಂದೊಂದೇ ಜೆರ್ಸಿ ಎತ್ತಿ, ಇದು ಚೆನ್ನೈಗೆ ಹೋದವನದು, ಇದು ಹೊಸೂರಿಗೆ ಹೋದವನದು ಎಂದು ಹೇಳತೊಡಗಿದರು. "ಪಾತ್ರೆ ಪಡಗ ಎಲ್ಲಾ ಲಾರಿಗಾಕ್ಕೊಂಡೋದ್ರು ಕಣಮ್ಮಾ. ಇದನ್ನ ಮಾತ್ರ ಒಗೆದು ನಮ್ಮನೇಲಿ ಕೊಟ್ಟೋದ್ರು."

"ನೆನಪಿಗೆ ಅಂತ ಅವರೇ ಇಟ್ಟುಕೊಳ್ಳಬಹುದಿತ್ತಲ್ಲ?" ಎಂದೆ.

ಅಜ್ಜಿಗೆ ಸಿಟ್ಟೇ ಬಂತು. "ನೆನಪಿಗ್ಯಾಕೆ? ಪೊಂಗಲ್‌ಗೆ ಬಂದಾಗ ಆಡೋದು ಇಲ್ಲೇ ತಾನೆ! ಓದ್ಸಲ ಒಬ್ಬನಿಗೆ ಒಟ್ಟೆ ಬಂದು ಜೆರ್ಸಿ ಕೆಳಗಿಳೀಲೇ ಇಲ್ಲ. ಆದ್ರೂ ಎಂಗೋ ಎಳ್ಕೊಂಡು ಆಡ್ದ. ಊರು ಬಿಟ್ರು ಅಂತ ಮಾತ್ರ ಬರೀಬ್ಯಾಡಮ್ಮ."

ನನ್ನ ಪ್ರಬಂಧದ ಆ ಅಧ್ಯಾಯಕ್ಕೆ ‘ಊರು ಬಿಟ್ಟವರು’ ಎಂದೇ ಹೆಸರಿಟ್ಟಿದ್ದೆ. ಬಂಗಾರಪೇಟೆಗೆ ಮರಳುವ ಬಸ್ಸಿನಲ್ಲಿ ಅದರ ಮೇಲೆ ಗೆರೆ ಎಳೆದೆ. ಬೇರೆ ಹೆಸರು ಇನ್ನೂ ಹೊಳೆದಿಲ್ಲ.