ಡ್ಯಾಕ್ ಹೊನ್ನೇಶ್

ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಹೊನ್ನೇಶನ ಮನೆಗೆ ಪಾರ್ಸೆಲ್ ಬಂತೆಂದರೆ ಹೆಂಡತಿ ಕೋಮಲಾಳ ಎದೆ ಧಸಕ್ಕೆನ್ನುತ್ತದೆ. ಒಮ್ಮೆ ಇಂಟರ್ನೆಟ್ಟಿನಿಂದ ಹಾಡು ತರುವ ಸ್ಟ್ರೀಮರ್, ಇನ್ನೊಮ್ಮೆ ಆ ಹಾಡನ್ನು ಸ್ಪೀಕರಿಗೆ ದನಿಯಾಗಿಸಿ ಕೊಡುವ ಡ್ಯಾಕ್. ಬಂದದ್ದು ವಾರ ನಿಲ್ಲುವುದಿಲ್ಲ. “ಇದು ದನೀನೆಲ್ಲ ಕಲಸಿಬಿಡ್ತದೆ” ಎಂದು ವಾಪಸು ಕಳಿಸುತ್ತಾನೆ. ಮೋಟಾರು ತಂದ ಪಂಚನಹಳ್ಳಿಯ ರೈತರನ್ನೂ ಸೋಫಾದ ನಟ್ಟನಡುವೆ ಕೂರಿಸಿ, ಫ್ಯಾನು ನಿಲ್ಲಿಸಿ, “ಹಾಡೋರು ಉಸಿರೆಳ್ಕೊಂಡಿದ್ದು ಕೇಳ್ತಾ?” ಎನ್ನುತ್ತಾನೆ. ಮೋಟಾರು ಬೇಗ ಬೇಕಾದವರು ಕೇಳಿತೆನ್ನುತ್ತಾರೆ. ಆ ಹೊತ್ತಿಗೆ ಕುಕ್ಕರ್ ಕೂಗಿದರೆ ಕೋಮಲಾಳಿಗೆ ಬೈಗುಳ. ಮೊನ್ನೆ ಅವಳು ಸಂತೆಯಿಂದ ಬೇಗ ಬಂದಾಗ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಸೋಬಾನೆ ಪದವೊಂದು ಹೊಸ ಡ್ಯಾಕಿನಲ್ಲಿ ಗರಗರ ಎನ್ನುತ್ತಿತ್ತು. ಹೊನ್ನೇಶ ಸ್ಪೀಕರಿಗೆ ಕಿವಿ ಹಚ್ಚಿ ಅಳುತ್ತಿದ್ದ. ಮದುವೆಯಾದಾಗಿನಿಂದ ಅವನ ಕಣ್ಣೀರು ಕಾಣದ ಕೋಮಲಾ ಗಾಬರಿಯಾದಳು. “ದೇವನೂರಿನ ಮದುವೇಲಿ ಅವ್ವ ಹಾಡಿದ್ದು ಕಣೇ. ಏಳೆಂಟು ಜನ ಒಟ್ಟಿಗೆ ಹಾಡವ್ರೆ. ಈಗ ಅವ್ರ್ಯಾರೂ ಬದುಕಿಲ್ಲ.” “ಅದ್ರಲ್ಲಿ ಅತ್ತೆ ಯಾರು?” ಅವನು ಅಡ್ಡಡ್ಡ ತಲೆಯಾಡಿಸಿದ. “ಅವ್ವ ಹೋದಾಗ ನಾನಿನ್ನೂ ಕೂಸು. ಅವ್ಳ ದನಿ ಹೆಂಗಿತ್ತು ಅಂತಾನೇ ಗೊತ್ತಿಲ್ಲ. ಒಂದೊಂದು ದನೀನೂ ಬಿಡಿಬಿಡಿಯಾಗಿ ಕೇಳ್ಸಿದ್ರೆ ಗುರ್ತು ಸಿಗ್ತದೇನೋ ಅಂತ…” ಅವನಿಗೇ ಗೊತ್ತಿಲ್ಲದ ದನಿಯ ಗುರುತನ್ನು ಯಾವ ಯಂತ್ರ ತಾನೇ ಹೇಳೀತು ಎಂದುಕೊಂಡಳು ಕೋಮಲಾ. ಆದರೂ ಅವಳ ಬಾಯಿಂದ ಬಂದ ಮಾತು ಬೇರೆ. “ಇದ್ರಲ್ಲಿ ಆಗ್ಲಿಲ್ಲ ಅಂದ್ರೆ ಇನ್ನೊಂದು ತರ್ಸಿ ನೋಡ್ರೀ.”