ಗೆಳತಿಯ ಬ್ಲಾಗಿನಲ್ಲಿ ವಿರೋಧ ಪಕ್ಷ

ನಾವು ಓದುತ್ತಿದ್ದಾಗ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಒಂದೊಂದು ಕಾಲೇಜಿನಿಂದ ಇಬ್ಬರು ಹೋಗಬೇಕಿತ್ತು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕಗಳನ್ನೂ ಕೂಡಿಸಿ ಪರ್ಯಾಯ ಪಾರಿತೋಷಕ ಯಾರಿಗೆಂದು ತೀರ್ಮಾನಿಸುತ್ತಿದ್ದರು. ಆದ್ದರಿಂದ ನನ್ನನ್ನು ಸಮರ್ಥವಾಗಿ ಖಂಡಿಸಬಲ್ಲವಳೇ ನನ್ನ ಒಳ್ಳೆಯ ಜೊತೆಗಾರ್ತಿ. ನನ್ನ ಜೊತೆ ಬರುತ್ತಿದ್ದ ಗೆಳತಿ ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ವೇದಿಕೆಯಲ್ಲಿ ಜಗಳ, ಹಿಂತಿರುಗುವ ಬಸ್ಸಿನಲ್ಲಿ ಒಂದೇ ಸೀಟು.

ಆ ಗೆಳತಿ ಈಗ ಅನ್ನಪೂರ್ಣೇಶ್ವರಿ ನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಶಾಲೆ ಮುಗಿಸಿ ಕಾಮಾಕ್ಷಿಪಾಳ್ಯಕ್ಕೆ ಬಂದು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳಿಗೆ ಸಂಜೆ ಉಚಿತವಾಗಿ ಪಾಠ ಹೇಳುತ್ತಿದ್ದಳು. ತಾಯಂದಿರು ಕೆಲಸ ಬಿಟ್ಟು ಬರುವವರೆಗೆ ಆ ಮಕ್ಕಳಿಗೆ ಬೇರೆ ಜಾಗವಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಕೂರಬೇಕು. ತರಗತಿ ನಡೆಯುತ್ತಿದ್ದುದು ಲೇತ್ ವರ್ಕ್‌ಶಾಪೊಂದರ ಮೇಲಿನ ಕೋಣೆಯಲ್ಲಿ. ಕೆಳಗೆ ಯಂತ್ರ ತಿರುಗುತ್ತಿರುವಷ್ಟು ಹೊತ್ತೂ ಮೇಲೆ ಕೂಗಿಯೇ ಪಾಠ ಮಾಡಬೇಕು. ಈ ತರಗತಿಯ ಬಗ್ಗೆ ಬರೆಯಲು ಅವಳು ಬ್ಲಾಗ್ ತೆರೆದಳು. ವಿಜಯನಗರದ ನನ್ನ ಮನೆಯಲ್ಲಿ ಕುಳಿತು ನಾನು ಅದಕ್ಕೆ ಪ್ರತಿಕ್ರಿಯೆ ಬರೆಯತೊಡಗಿದೆ.

ಪ್ರತಿಕ್ರಿಯೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ‘ಸೂಪರ್ ಮೇಡಂ’ ಎಂದು ಬರೆದು ಎರಡು ಕೈ ಮುಗಿಯುವ ಚಿತ್ರ ಹಾಕುವುದು ಸೌಜನ್ಯವಿರಬಹುದು, ಓದು ಅಲ್ಲ. ಬರೆದವರು ಒಂದು ಸಂಜೆಯನ್ನು ಕೊಟ್ಟಿರುತ್ತಾರೆ. ಓದುಗರು ಅದಕ್ಕೆ ಪ್ರತಿಯಾಗಿ ಒಂದು ಯೋಚನೆಯನ್ನಾದರೂ ಕೊಡಬೇಕು. ನಾನು ಬರಹವನ್ನು ಎರಡು ಸಲ ಓದುತ್ತೇನೆ, ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ಯಾವುದೆಂದು ಹೇಳುತ್ತೇನೆ, ಭಿನ್ನಾಭಿಪ್ರಾಯವಿದ್ದರೆ ಕಾರಣಸಹಿತ ಮಂಡಿಸುತ್ತೇನೆ. ಜಾಲದಲ್ಲಿ ನಾಗರಿಕ ಚರ್ಚೆ ಸತ್ತಿದೆ ಎಂದು ಗೊಣಗುವವರು ಮೊದಲು ಹೀಗೆ ಒಂದು ಪ್ರತಿಕ್ರಿಯೆ ಬರೆಯಲಿ ಎಂಬುದು ನನ್ನ ವಾದ.

ಒಮ್ಮೆ ಅವಳು, ಒಂದೇ ಕೋಣೆಯ ಮನೆಗಳಲ್ಲಿ ಬರೆಯಲು ಜಾಗವಿರುವುದಿಲ್ಲ, ಹಾಗಾಗಿ ಮಕ್ಕಳಿಗೆ ಹೋಂವರ್ಕ್ ಕೊಡುವುದಿಲ್ಲ ಎಂದು ಬರೆದಳು. ಮಗು ದಿನವೂ ಏನು ಕಲಿಯುತ್ತಿದೆಯೆಂದು ತಾಯಿಗೆ ತಿಳಿಯಲು ಇರುವುದು ಆ ಹೋಂವರ್ಕ್ ಒಂದೇ, ಅದನ್ನೂ ಕಿತ್ತುಕೊಂಡರೆ ಹೇಗೆ ಎಂದು ನಾನು ಕೇಳಿದೆ. ಮುಂದಿನ ವಾರದಿಂದ ಮಕ್ಕಳು ಹೋಂವರ್ಕನ್ನು ಕೋಣೆಯಲ್ಲೇ ಬರೆದು ಮುಗಿಸಿ, ಮನೆಗೆ ಹೋಗಿ ತಾಯಿಗೆ ತೋರಿಸತೊಡಗಿದರು. ಒಂದು ಪ್ರತಿಕ್ರಿಯೆಯಿಂದ ಇಷ್ಟಾಯಿತಲ್ಲ ಎಂದು ನನಗೆ ಸಂತೋಷವಾಯಿತು. ನಾವಿಬ್ಬರೂ ಗೆಳತಿಯರೆಂಬುದು ಬ್ಲಾಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾದ ತನ್ನ ಕಾಲ ಮೇಲೆ ನಿಲ್ಲಬೇಕು, ಪರಿಚಯದ ಊರುಗೋಲು ಬೇಡ ಎಂದು ನಾನೇ ಹೇಳಿದ್ದೆ. ‘ಯಾರ್ರೀ ಇವರು, ಮೇಡಂ ಏನ್ ಬರೆದ್ರೂ ಒಂದ್ ಕೊಂಕು’ ಎಂದು ಒಬ್ಬರು ಬರೆದಾಗ ಅವಳು ಫೋನ್ ಮಾಡಿ ನಕ್ಕಿದ್ದಳು: “ನಿನ್ನನ್ನ ಬ್ಲಾಕ್ ಮಾಡು ಅಂತಿದಾರೆ ಕಣೇ. ಮಾಡ್ಲಾ?”

ಹೋದ ವರ್ಷ ಇದೇ ಹುಮ್ಮಸ್ಸಿನಲ್ಲಿ ನಾನೊಂದು ದೊಡ್ಡ ವಾದ ಹೂಡಿದೆ. ಇಂಥ ಉಚಿತ ತರಗತಿಗಳು ಸರ್ಕಾರಿ ಶಾಲೆಯನ್ನು ಅದರ ಹೊಣೆಯಿಂದ ಬಿಡುಗಡೆ ಮಾಡುತ್ತವೆ. ಒಬ್ಬರ ತ್ಯಾಗ ವ್ಯವಸ್ಥೆಯ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ. ಅವಳು ಆ ಸಲ ಉತ್ತರಿಸಲಿಲ್ಲ. ಕೆಲವು ತಿಂಗಳ ನಂತರ ಬ್ಲಾಗಿನಲ್ಲಿ ಒಂದು ಚಿಕ್ಕ ಬರಹ ಬಂತು. ಈ ತಿಂಗಳ ಕೊನೆಗೆ ತರಗತಿ ನಿಲ್ಲುತ್ತದೆ. ಕಾರಣ, ಇಂಥ ಉಚಿತ ತರಗತಿಗಳು ಸರ್ಕಾರಿ ಶಾಲೆಯನ್ನು ಅದರ ಹೊಣೆಯಿಂದ ಬಿಡುಗಡೆ ಮಾಡುತ್ತವೆ. ಅದು ನನ್ನದೇ ವಾಕ್ಯ, ಒಂದು ಅಕ್ಷರವೂ ಬದಲಾಗಿರಲಿಲ್ಲ.

ನಾನು ತಕ್ಷಣ ಖಂಡನೆ ಬರೆಯಲು ಕುಳಿತೆ. ವ್ಯವಸ್ಥೆ ಸರಿಹೋಗುವವರೆಗೆ ಮಕ್ಕಳ ಬಾಲ್ಯ ಕಾಯುವುದಿಲ್ಲ ಎಂದು ಆರಂಭಿಸಿ ನಾಲ್ಕು ಪ್ಯಾರಾ ಸಲೀಸಾಗಿ ಬಂದವು. ಓದಿ ನೋಡಿದರೆ ಮೊದಲಿನ ವಾದದಷ್ಟೇ ಗಟ್ಟಿಯಾಗಿತ್ತು. ಅದೇ ನನ್ನನ್ನು ಕಂಗೆಡಿಸಿತು. ಎರಡು ಕಡೆಯಿಂದಲೂ ಇಷ್ಟು ಚೆನ್ನಾಗಿ ಮಾತಾಡಬಲ್ಲ ನಾನು, ತರಗತಿ ಉಳಿಯಬೇಕೆಂದು ನಿಜವಾಗಿಯೂ ಬಯಸುತ್ತಿದ್ದೇನೆಂದು ಅವಳಿಗೆ ತಿಳಿಯುವುದು ಹೇಗೆ? ಬರೆದದ್ದನ್ನು ಹಾಗೆಯೇ ಬಿಟ್ಟು, ಕಾಮಾಕ್ಷಿಪಾಳ್ಯಕ್ಕೆಂದು ಮಾಗಡಿ ರಸ್ತೆಯ ಬಸ್ಸು ಹತ್ತಿದೆ.

ಮಕ್ಕಳು ಹೋಗಿಯಾಗಿತ್ತು. ಅವಳು ಬೋರ್ಡ್ ಒರೆಸುತ್ತಿದ್ದಳು.

“ಬಂದ್ಯಾ? ನೀನು ಅಲ್ಲೇ ಬರೀತೀಯ ಅಂದ್ಕೊಂಡಿದ್ದೆ,” ಎಂದಳು. ಒಡೆದ ಮಡಕೆಯಂಥ ದನಿ. ಸಭಾಂಗಣದ ಕೊನೆಯ ಸಾಲಿಗೆ ಮೈಕಿಲ್ಲದೆ ತಲುಪುತ್ತಿದ್ದ ಕಂಠ ಅದು.

“ಏನಾಯ್ತೇ ನಿನ್ ಗಂಟಲಿಗೆ?”

“ಒಳಗೆ ಗಂಟಾಗಿದೆಯಂತೆ. ಕೂಗಬೇಡಿ, ಮಾತು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದಾರೆ. ಶಾಲೆ ಬಿಟ್ರೆ ಮನೆ ನಡೆಯಲ್ಲ. ಇದನ್ನೇ ಬಿಡಬೇಕು.”

“ಮತ್ತೆ ಅದನ್ನೇ ಬರೀಬಾರದಿತ್ತಾ? ನನ್ನ ವಾದ ಯಾಕೆ ತಗೊಂಡೆ?”

“ಚೆನ್ನಾಗಿತ್ತು, ತಗೊಂಡೆ. ಒಂದು ಕಾರಣ ಬೇಕಿತ್ತು ಕಣೇ. ಗಂಟಲು ಕೆಟ್ಟಿದೆ ಅಂತ ಬರೆದ್ರೆ ಎಲ್ರೂ ಕಷಾಯ ಹೇಳ್ಕೊಡ್ತಾರೆ. ಇಲ್ಲಾಂದ್ರೆ ‘ಅಯ್ಯೋ ಪಾಪ’ ಅಂತಾರೆ. ಸೋತು ಬಿಟ್ಟೆ ಅನ್ನೋದಕ್ಕಿಂತ ಸಿದ್ಧಾಂತಕ್ಕೆ ಬಿಟ್ಟೆ ಅಂದ್ರೆ ಮರ್ಯಾದೆ ಅಲ್ವಾ?”

“ನಿಜ ಬರಿ. ಸಹಾಯ ಕೇಳು.”

“ಕೇಳಿದ್ರೆ ಯಾರು ಬರ್ತಾರೆ? ನೀನು ಬರ್ತೀಯಾ?”

“ಶನಿವಾರ ಬರ್ತೀನಿ. ಗಣಿತ ಮಾತ್ರ ಆಗಲ್ಲ, ಕನ್ನಡ ಮಾಡ್ತೀನಿ.”

“ಮಕ್ಕಳ ಹತ್ರಾನೂ ವಿರೋಧ ಪಕ್ಷ ಮಾಡಬೇಡ ತಾಯಿ.”

ಅಂದೇ ಅವಳು ಹಳೆಯ ಬರಹವನ್ನು ತೆಗೆಯದೆ ಅದರ ಕೆಳಗೆ ನಿಜವಾದ ಕಾರಣವನ್ನು ಸೇರಿಸಿದಳು. ಅವಳೆಂದಂತೆ ಕಷಾಯಗಳು ಬಂದವು: ಶುಂಠಿ, ಅತಿಮಧುರ, ಕಾಳುಮೆಣಸು, ಒಬ್ಬರಿಂದ ವೀಳ್ಯದೆಲೆ. ‘ಅಯ್ಯೋ ಪಾಪ’ವೂ ಬಂತು. ಅವುಗಳ ನಡುವೆ, ಹಿಂದೆಂದೂ ಬರೆಯದ ಒಬ್ಬರಿಂದ ಎರಡು ಸಾಲು: ಬಸವೇಶ್ವರನಗರದಲ್ಲಿದ್ದೇನೆ, ಬ್ಯಾಂಕಿನಿಂದ ನಿವೃತ್ತ, ಮಂಗಳವಾರ ಮತ್ತು ಗುರುವಾರ ಗಣಿತ ಹೇಳಿಕೊಡಬಲ್ಲೆ.

ಅವರು ಹೇಳಿದಂತೆಯೇ ಬಂದರು. ಮೊದಲ ಶನಿವಾರ ನನ್ನ ಪಾಠ ನೋಡಲೂ ಬಂದಿದ್ದರು. ಚಹಾ ಕುಡಿಯುತ್ತಾ, ಬ್ಲಾಗನ್ನು ಎಷ್ಟು ದಿನದಿಂದ ಓದುತ್ತಿದ್ದೀರಿ ಎಂದು ಕೇಳಿದೆ.

“ಶುರುವಿನಿಂದ್ಲೂ ಓದ್ತಿದೀನಿ ಮೇಡಂ.”

“ಒಂದು ಸಲವೂ ಬರೆದಿಲ್ವಲ್ಲ ಸಾರ್?”

“ಅಲ್ಲೊಬ್ರು ಬರೀತಿದ್ರಲ್ಲ, ಉದ್ದಕ್ಕೆ, ವಕೀಲರ ಥರ. ಅದನ್ನ ಓದಿದ್ಮೇಲೆ ನಮ್ಮಂಥವರದ್ದೇನು ಅಲ್ಲಿ ಅಂತ ಸುಮ್ಮನಾಗ್ತಿದ್ದೆ. ಈ ಸಲ ಅವರು ಬರೆದಿರಲಿಲ್ಲ ನೋಡಿ, ಧೈರ್ಯ ಬಂತು.”

ಗೆಳತಿ ಹೆಚ್ಚು ಮಾತಾಡುವಂತಿರಲಿಲ್ಲ. ಆದರೆ ನಗುವುದಕ್ಕೆ ಡಾಕ್ಟರ್ ಅಡ್ಡಿ ಹೇಳಿರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯತ್ತ ತಿರುಗಿದಳು.

ಆ ಉದ್ದದ ಬರಹಗಳು ನನ್ನವೇ ಎಂದು ಅವರಿಗೆ ಆಗಲೇ ಹೇಳಿದೆ. ಅವರು ಗಾಬರಿಯಾಗಿ ಲೋಟ ಕೆಳಗಿಟ್ಟರು. ನಾವಿಬ್ಬರಲ್ಲಿ ಯಾರೂ ಕ್ಷಮೆ ಕೇಳಬೇಕಾಗಿಲ್ಲವೆಂದು ನಾನು ವಿವರಿಸತೊಡಗಿದೆ. ಅದೂ ಉದ್ದವಾಗುತ್ತಿದೆ ಎನ್ನಿಸಿ ನಿಲ್ಲಿಸಿದೆ. ವಾದವಿಲ್ಲದ ಓದನ್ನು ನಾನು ಈಗಲೂ ಅರ್ಧ ಓದೆಂದೇ ತಿಳಿಯುತ್ತೇನೆ. ಆದರೆ ಪ್ರತಿಕ್ರಿಯೆ ಬರೆಯುವಾಗ ಬರೆದವರು ಮಾತ್ರವಲ್ಲ, ಏನನ್ನೂ ಬರೆಯದೆ ಓದಿಹೋಗುವವರೂ ಅದನ್ನು ಓದುತ್ತಾರೆಂಬ ಲೆಕ್ಕ ನನ್ನ ವಾದಗಳಲ್ಲಿ ಎಂದೂ ಇರಲಿಲ್ಲ.

ತರಗತಿ ಈಗ ವಾರಕ್ಕೆ ಆರು ದಿನದ ಬದಲು ಮೂರು ದಿನ ನಡೆಯುತ್ತದೆ. ಉಳಿದ ಮೂರು ದಿನ ಮಕ್ಕಳು ಎಲ್ಲಿರುತ್ತಾರೆಂದು ನಮಗೆ ಗೊತ್ತು. ನಾಲ್ಕು ಪ್ಯಾರಾಗಳ ಖಂಡನೆಯನ್ನು ನಾನು ಕೊನೆಗೂ ಪ್ರಕಟಿಸಲಿಲ್ಲ. ಅವಳ ಇತ್ತೀಚಿನ ಬರಹದ ಕೆಳಗೆ ನಾನು ಹಾಕಿರುವುದು ಇಷ್ಟೇ: ಸೋಮವಾರ, ಬುಧವಾರ, ಶುಕ್ರವಾರ ಖಾಲಿ ಇವೆ. ಸಂಜೆ ಒಂದೂವರೆ ಗಂಟೆ ಹೊತ್ತು ಸಾಕು. ಯಾರು ಬರುತ್ತೀರಿ?