ಗವಿಯ ನೀರಿಗೆ ಸುರಿದ ಬ್ಲೀಚಿಂಗ್ ಪೌಡರ್

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಕೊಪ್ಪ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಇಪ್ಪತ್ತೆಂಟು ವರ್ಷದ ಸರ್ವಿಸ್‌ನಲ್ಲಿ ಚರಂಡಿ, ಕಕ್ಕಸುಗುಂಡಿ, ನಾಯಿ ಸತ್ತುಬಿದ್ದ ಬಾವಿ ಎಲ್ಲ ನೋಡಿದವನು. ಆದರೂ ಆ ಫೆಬ್ರವರಿಯಲ್ಲಿ ಕಂಡದ್ದನ್ನು ಈಗಲೂ ಊಟದ ಹೊತ್ತಿಗೆ ನೆನೆಯುವುದಿಲ್ಲ.

ಕಮ್ಮರಡಿಯಿಂದ ಏಳು ಕಿಲೋಮೀಟರ್ ಒಳಗೆ ಆರು ಮನೆಗಳಿವೆ. ಅವರಿಗೆ ಇದ್ದದ್ದು ಅಬ್ಬಿ ನೀರು ಮಾತ್ರ. ಅಂದರೆ ಗುಡ್ಡದ ಸೆಲೆಯಿಂದ ಪಂಪಿಲ್ಲದೆ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಇವರ ಸೆಲೆ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನ ಗವಿಯೊಂದರ ಒಳಗಿತ್ತು. ಬಾಣಂತಿ ಹೆಂಡತಿಯನ್ನು ನೋಡಲು ಬಂದ ಅಳಿಯನೊಬ್ಬನ ಲೋಟದಲ್ಲಿ ಬಿಳಿ ಹುಳ ಈಜಾಡಿತು. ಅವನು ವಿಡಿಯೋ ಮಾಡಿ ನಮ್ಮ ಡಾಕ್ಟರಿಗೆ ಕಳಿಸಿದ, ಡಾಕ್ಟರು ನನ್ನನ್ನು ಅಟ್ಟಿದರು.

ಅಳಿಯನ ಅತ್ತೆ ವಿಶಾಲಾಕ್ಷಮ್ಮ ಗವಿಯ ಬಾಯಿಯವರೆಗೆ ಬಂದು ದಾರಿ ತೋರಿಸಿದರು. ಬಗ್ಗಿ ಒಳಗೆ ಹೋದೆ. ಮೊದಲ ಹೆಜ್ಜೆಗೇ ಬೂಟು ಬಾವಲಿ ಹಿಕ್ಕೆಯಲ್ಲಿ ಹೂತುಹೋಯಿತು. ಘಾಟಿಗೆ ಕಣ್ಣಲ್ಲಿ ನೀರು. ಟಾರ್ಚ್ ಹಾಕಿದರೆ ನೆಲವೇ ಹರಿದಾಡುತ್ತಿತ್ತು, ಅಷ್ಟು ಜಿರಲೆಗಳು. ಗೋಡೆ ತುಂಬ ಉದ್ದುದ್ದ ಮೀಸೆಯ, ರೆಕ್ಕೆಯಿಲ್ಲದ ಮಿಡತೆಗಳು. ಅಂಗೈಯಗಲದ ಚಪ್ಪಟೆ ಜೇಡವೊಂದು ಚಾಟಿಯಂಥ ಮುಂಗಾಲು ಚಾಚಿ ನನ್ನ ಕೈಯನ್ನು ತಡವಿ ನೋಡಿತು. ನಾನು ಕಿರುಚಿದೆ. ತೆರೆದ ಬಾಯಿಗೆ ಮೇಲಿನಿಂದ ಏನೋ ಬಿತ್ತು. ಅದು ಏನಿರಬಹುದೆಂದು ಇವತ್ತಿನವರೆಗೂ ಯೋಚಿಸಲು ಹೋಗಿಲ್ಲ.

ಇನ್ನೂ ಇಪ್ಪತ್ತಡಿ ಒಳಗೆ, ಬಾವಲಿಗಳಿಲ್ಲದ ಕಡೆ, ಬಿರುಕಿನಿಂದ ಇಳಿದ ನೀರು ಒಂದು ಗುಂಡಿಯಲ್ಲಿ ನಿಂತಿತ್ತು. ನೀರೇನೋ ತಿಳಿಯಾಗಿತ್ತು. ಅದರಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಜೀವಗಳು. ಕಣ್ಣಿರಬೇಕಾದ ಜಾಗದಲ್ಲಿ ಕಣ್ಣಿಲ್ಲ, ಮೈಯೊಳಗಿನ ಕರುಳು ಹೊರಗೇ ಕಾಣುತ್ತದೆ. ಥೂ ಎಂದು ಹೊರಗೆ ಓಡಿಬಂದೆ.

ನನ್ನ ಚೀಲದಲ್ಲಿ ಎಚ್‌ಟುಎಸ್ ಬಾಟಲಿ ಇತ್ತು. ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿದ್ದಲ್ಲಿ ನೀರು ಕಪ್ಪಾಗುತ್ತದೆ. ಏನನ್ನೇ ಮಾಡುವ ಮೊದಲು ಆ ಪರೀಕ್ಷೆ ಮಾಡಬೇಕೆಂಬುದು ನಿಯಮ. ಕಣ್ಣಾರೆ ಕಂಡ ಮೇಲೆ ಬಾಟಲಿ ಯಾಕೆ ಎಂದುಕೊಂಡೆ.

"ನಾನು ಈ ಮನೆಗೆ ಬಂದು ಮೂವತ್ತು ವರ್ಷ ಆತು ಸಾರ್" ಎಂದರು ವಿಶಾಲಾಕ್ಷಮ್ಮ. "ಹುಳ ಅದ್ರ ಪಾಡಿಗೆ ಇರ್ತದೆ, ನಾವು ನಮ್ಮ ಪಾಡಿಗೆ. ನೀರಿಗೆ ಎಂತ ಆಗಿದೆ ಅಂತ ಮೊದ್ಲು ನೋಡಿ ಮಾರಾಯ್ರೆ."

"ನಿಮಗೆ ಅಭ್ಯಾಸವಾಗಿದೆ ಅಮ್ಮ, ಅದಕ್ಕೇ ಹೇಸಿಗೆ ಇಲ್ಲ" ಎಂದು ನಕ್ಕೆ.

ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಆ ಗುಂಡಿಯಲ್ಲಿ ಅದಕ್ಕಿಂತ ಹೆಚ್ಚು ನೀರಿರಲಿಲ್ಲ. ಕೂತು ಅಳೆಯಲು ಮನಸ್ಸು ಬರದೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಎರಡು ಕಿಲೋ ಪ್ಯಾಕೆಟ್ಟನ್ನು ಪೂರ್ತಿ ಸುರಿದೆ. ಹುಳ ಸೋಸಲೆಂದು ಪೈಪಿನ ಬಾಯಿಗೆ ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಎರಡು ದಿನ ನೀರು ಮುಟ್ಟಬೇಡಿ, ಆಮೇಲೆ ಧಾರಾಳವಾಗಿ ಕುಡಿಯಿರಿ ಎಂದೆ. ವರದಿಯಲ್ಲಿ "ತೃಪ್ತಿಕರ" ಎಂದು ಬರೆದೆ.

ಒಂಬತ್ತನೇ ದಿನ ವಿಶಾಲಾಕ್ಷಮ್ಮನ ಫೋನು ಬಂತು. "ಎಂತ ಮಾಡಿ ಹೋದ್ರಿ ಸಾರ್? ನೀರು ಸತ್ತ ಇಲಿ ನಾತ ಹೊಡೀತದೆ. ಮಗಳಿಗೆ ನಿನ್ನೆಯಿಂದ ವಾಂತಿ, ಭೇದಿ. ಕೂಸಿಗೆ ಹಾಲು ಇಲ್ಲ."

ಮಗಳನ್ನೂ ಕೂಸನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ಮೂರು ದಿನ ಡ್ರಿಪ್ ಹಾಕಿದ ಮೇಲೆ ಅವಳು ಚೇತರಿಸಿಕೊಂಡಳು. ಅವಳನ್ನು ಆಸ್ಪತ್ರೆಗೆ ಕಳಿಸಿದ ದಿನವೇ ನಾನು ಮತ್ತೆ ಗವಿಗೆ ಹೋದೆ. ಪೈಪಿನ ಬಾಯಲ್ಲಿ ಪಂಚೆ ಉಬ್ಬಿ ಜೋತುಬಿದ್ದಿತ್ತು. ಎಳೆದರೆ ಲೋಳೆಲೋಳೆಯಾಗಿ ಕೈಯಲ್ಲೇ ಹರಿಯಿತು. ಬಿಳಿ ಜೀವಗಳು ಕೊಳೆತು ಗಂಜಿಯಾಗಿದ್ದವು, ಅದರ ನಡುವೆ ಮಿಡತೆಯ ಕಾಲುಗಳು, ಮೀಸೆಗಳು. ಆರು ಮನೆಯವರು ವಾರವಿಡೀ ಕುಡಿದದ್ದು ಇದರ ರಸವನ್ನು. ಅಲ್ಲೇ ಗೋಡೆಗೆ ಒರಗಿ ವಾಂತಿ ಮಾಡಿದೆ. ಆ ಹೊತ್ತಿನಲ್ಲಿ ಗವಿಯ ಜೇಡಕ್ಕಿಂತ ನನ್ನ ಮೇಲೇ ನನಗೆ ಹೆಚ್ಚು ಹೇಸಿಗೆಯಾಯಿತು. ಅಂದು ತುಂಬಿಕೊಂಡು ಬಂದ ಎಚ್‌ಟುಎಸ್ ಬಾಟಲಿ ಮರುದಿನ ಬೆಳಿಗ್ಗೆಗೇ ಕಪ್ಪಾಗಿತ್ತು.

ಪಂಚೆಯ ಚೂರನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೊಪ್ಪದಲ್ಲಿ ಪರಿಚಯದ ಪ್ರಾಣಿಶಾಸ್ತ್ರದ ಮೇಷ್ಟರ ಬಳಿ ಹೋದೆ. ಅವರು ವಿವರಿಸಿದರು: ಗವಿಯಲ್ಲಿ ಬೆಳಕಿಲ್ಲ, ಹಾಗಾಗಿ ಹಸಿರಿಲ್ಲ. ಬಾವಲಿ ಹೊರಗೆ ತಿಂದು ಬಂದು ಹಾಕುವ ಹಿಕ್ಕೆಯೇ ಒಳಗಿನವರ ಊಟ. ಜಿರಲೆ ಅದನ್ನು ತಿನ್ನುತ್ತದೆ, ಜೇಡ ಜಿರಲೆಯನ್ನು ತಿನ್ನುತ್ತದೆ. ನೀರಿನ ಬಿಳಿ ಜೀವಿ ಸಿಗಡಿಯ ಬಳಗದ್ದು. ಕತ್ತಲಲ್ಲಿ ಉಪಯೋಗವಿಲ್ಲದ ಕಣ್ಣು, ಬಣ್ಣಗಳನ್ನು ಎಷ್ಟೋ ತಲೆಮಾರುಗಳಲ್ಲಿ ಕಳೆದುಕೊಂಡಿದೆ. ನೀರಿಗೆ ಬಿದ್ದ ಕೊಳೆಯನ್ನು ತಿಂದು ಬದುಕುತ್ತದೆ. ಈ ಗುಡ್ಡದಲ್ಲಿರುವುದು ಪಕ್ಕದ ಗುಡ್ಡದಲ್ಲಿ ಇಲ್ಲದಿರಬಹುದು.

"ಇದು ಯಾವ ಜಾತಿ ಅಂತ ಇಷ್ಟರಲ್ಲಿ ಹೇಳೋಕಾಗಲ್ಲ. ಇಡಿಯಾಗಿರೋದು ಒಂದಾದ್ರೂ ಸಿಕ್ಕಿದ್ರೆ ತನ್ನಿ" ಎಂದರು. ಎರಡು ಸಲ ಹೋಗಿ ಹುಡುಕಿದೆ. ಒಂದೂ ಸಿಗಲಿಲ್ಲ.

ಗುಂಡಿ ತೊಳೆದು ಪೈಪ್ ಬದಲಿಸಲು ಒಂದು ತಿಂಗಳು ಹಿಡಿಯಿತು. ಅಷ್ಟು ದಿನ ಆರು ಮನೆಯ ಹೆಂಗಸರು ಹಳ್ಳದಿಂದ ನೀರು ಹೊತ್ತರು. ಒಂದು ದಿನ ದಾರಿಯಲ್ಲಿ ವಿಶಾಲಾಕ್ಷಮ್ಮ ಎದುರಾದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

"ಒಂದು ಮಾತು ಹೇಳಿ ಸಾರ್. ನೀವು ಬರೋಕೆ ಮೊದ್ಲು ನಮ್ಮ ನೀರು ಕೆಟ್ಟಿತ್ತಾ, ಸರಿ ಇತ್ತಾ?"

ಹೇಸಿಗೆ ನನ್ನ ಹೊಟ್ಟೆಯ ವಿಷಯ, ಹೊಲಸು ಎಂಬುದು ನೀರಿನ ವಿಷಯ. ಎರಡೂ ಬೇರೆ ಎಂಬುದನ್ನು ನೌಕರಿ ನನಗೆ ಕಲಿಸಿದ್ದು ಅಷ್ಟು ತಡವಾಗಿ. ಹೊಲಸು ಯಾವುದೆಂದು ಪರೀಕ್ಷೆ ಮಾಡಿ ಹೇಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

"ಗೊತ್ತಿಲ್ಲ ಅಮ್ಮ" ಎಂದೆ.

ಅವರು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹಳ್ಳದ ಕಡೆ ಇಳಿದರು.